ಮೂಲೆ ಹರಿದ ಕಾಗದ

ವಾಡಿಯಲ್ಲಿ ನಾವು ಬಾಡಿಗೆಗಿದ್ದ ಮನೆಗೆ ಎರಡು ಬಾಗಿಲು. ಮುಂದಿನದರಿಂದ ಜನ ಬರುತ್ತಿದ್ದರು, ಹಿಂದಿನದರಿಂದ ನೀರು ಬರುತ್ತಿತ್ತು. ರಜಾಕಾರರ ಗದ್ದಲ ಮುಗಿದು ಮಿಲಿಟರಿಯವರೂ ಬಂದುಹೋದ ಮೇಲಿನ ಎರಡನೆಯ ಬೇಸಿಗೆ ಅದು. ಒಂದು ಬೆಳಿಗ್ಗೆ ಕೊಡ ಹಿಡಿದು ಹಿತ್ತಲಿಗೆ ಹೊರಟ ನಾನು ಹಿಂದಿನ ಬಾಗಿಲಿಗೆ ಕೀಲಿ ಬಿದ್ದಿರುವುದನ್ನು ಕಂಡು ನಿಂತುಬಿಟ್ಟೆ. ಅಂಗೈ ಅಗಲದ ಹಿತ್ತಾಳೆ ಬೀಗ. ಬಾಗಿಲ ಸಂದಿಗೆ ಕಣ್ಣಿಟ್ಟರೆ ಬಾವಿಯ ಕಟ್ಟೆ ಕಾಣುತ್ತಿತ್ತು, ಹಗ್ಗ ಸುತ್ತಿದ ರಾಟೆ ಕಾಣುತ್ತಿತ್ತು. ಕೀಲಿಕೈ ದೊಡ್ಡಕ್ಕನ ಸೊಂಟದಲ್ಲಿತ್ತು.

ದೊಡ್ಡಕ್ಕ ಮನೆಯೊಡೆಯರ ಅಕ್ಕ. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಆ ತಮ್ಮ ಬೆಳೆದು ಚಿಂಚೋಳಿಯಲ್ಲಿ ಸಾವ್ಕಾರರಾದರು. ಕುಂಚಾವರಂ ಕಾಡಿನ ಬಿದಿರು, ತೊಗರಿ, ಕುಸುಬಿ ಎಣ್ಣೆ ಎಂದು ಅವರ ವ್ಯಾಪಾರ ಹಬ್ಬಿತ್ತು. ಅಕ್ಕನನ್ನು ಮಾತ್ರ ವಾಡಿಯ ಮನೆಯ ಮುಂದಿನ ಕೋಣೆಯಲ್ಲಿ ಕಾವಲಿಗೆ ಕೂರಿಸಿದ್ದರು. ಅದನ್ನು ಕಾವಲು ಎಂದು ಹೇಳಬಾರದು, ದೊಡ್ಡಕ್ಕನಿಗೆ ಸಿಟ್ಟು ಬರುತ್ತಿತ್ತು. "ತಮ್ಮಂದು ಮನಿ ನೋಡ್ಕೊಂಡು ಇದ್ದೀನಿ" ಎನ್ನುತ್ತಿದ್ದಳು. ಹಿಂದಿನ ಮೂರು ಕೋಣೆಗಳಲ್ಲಿ ಮೂರು ಸಂಸಾರ. ಒಂದರಲ್ಲಿ ನಾನು ಮತ್ತು ನಮ್ಮವರು. ಅವರು ರೈಲ್ವೆಯ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಇನ್ನೊಂದರಲ್ಲಿ ರಾವೂರಿನ ಕಲ್ಲುಗಣಿಯವನ ಸಂಸಾರ, ಮತ್ತೊಂದರಲ್ಲಿ ಸ್ಟೇಷನ್ನಿನಲ್ಲಿ ಚಹಾ ಮಾರುವವನದು. ಗೋಡೆ, ನೆಲ, ಮಾಡು ಎಲ್ಲವೂ ಶಹಾಬಾದ್ ಕಲ್ಲು. ಮಧ್ಯಾಹ್ನ ಒಳಗೆ ಕುಳಿತರೆ ರೊಟ್ಟಿಯ ಹೆಂಚಿನ ಮೇಲೆ ಕುಳಿತ ಹಾಗೆ.

"ದೊಡ್ಡಕ್ಕ, ಬಾಗಿಲಿಗಿ ಯಾಕ್ರಿ ಕೀಲಿ?" ಎಂದು ಕೇಳಿದೆ.

"ತಮ್ಮ ಹೇಳಿ ಕಳಸ್ಯಾನವ್ವ. ಬಾವ್ಯಾಗ ನೀರು ತಳಾ ಹಿಡದಾವಂತ. ಬಿಡಾರದವ್ರಿಗಿ ಕೊಡಬ್ಯಾಡ ಅಂದಾನ."

"ನೀರು ಇಲ್ಲಿಂದೇ ಕಾಣಾಕತ್ತಾವಲ್ರಿ!"

"ಕಾಣ್ತಾವ ಖರೆ. ಅಂವ ಹೇಳ್ಯಾನಲ್ಲ, ನಾ ಏನ್ ಮಾಡ್ಲಿ?"

ನಿಜವಾದ ಕಾರಣ ನಮ್ಮವರಿಗೆ ಗೂಡ್ಸ್ ಶೆಡ್ಡಿನಲ್ಲಿ ಗೊತ್ತಾಯಿತು. ಒಬ್ಬ ಕಲ್ಲಿನ ಗುತ್ತೇದಾರನಿಗೆ ರೈಲು ಹಳಿಯ ಹತ್ತಿರ ಒಂದು ಗೋದಾಮು ಬೇಕಾಗಿತ್ತು, ಸಾವ್ಕಾರರು ಈ ಮನೆಯನ್ನೇ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಸ್ವಲ್ಪ ದಿನದ ಹಿಂದೆ ಇಬ್ಬರು ಬಂದು ಟೇಪು ಹಿಡಿದು ಕೋಣೆಗಳನ್ನು ಅಳೆದದ್ದು ಅದಕ್ಕೇ. ದೊಡ್ಡಕ್ಕನಿಗೆ ಮಾತ್ರ ಮಾಡು ರಿಪೇರಿ ಮಾಡಿಸುತ್ತೇವೆಂದು ಹೇಳಿದ್ದರು. ಪಾಪ, ಆಕೆ ಅವರಿಗೆ ಚಹಾ ಮಾಡಿಕೊಟ್ಟಿದ್ದಳು. ಮನೆ ಬಿಡಿ ಎಂದು ಬಾಯಿಬಿಟ್ಟು ಹೇಳಿದರೆ ಹೊಸ ಸರ್ಕಾರದಲ್ಲಿ ಏನು ಕಾಯ್ದೆ ಬರುತ್ತದೋ ಎಂಬ ಅಂಜಿಕೆ ಸಾವ್ಕಾರರಿಗೂ ಇತ್ತೆಂದು ಕಾಣುತ್ತದೆ. ನೀರು ನಿಂತರೆ ಜನ ತಾವಾಗಿಯೇ ಗಂಟು ಕಟ್ಟುತ್ತಾರೆ. ಇಂಥ ಬುದ್ಧಿ ಬರಲು ಮನುಷ್ಯ ಸಾವ್ಕಾರನೇ ಆಗಿರಬೇಕು.

ನಾನು ಆಗ ತುಂಬು ಬಸುರಿ. ಹಿಂದಿನ ವರ್ಷ ಒಂದು ಐದನೆಯ ತಿಂಗಳಲ್ಲೇ ಹೋಗಿತ್ತು. ಹಾಗಾಗಿ ಈ ಸಲ ಹೆದರಿಕೆ ನನ್ನ ಹೊಟ್ಟೆಯೊಳಗೇ ಮನೆ ಮಾಡಿತ್ತು. ಮೆಟ್ಟಿಲು ಕಂಡರೆ ಹೆದರಿಕೆ, ಬೆಕ್ಕು ಹಾರಿದರೆ ಹೆದರಿಕೆ. ಈಗ ನೀರಿಗೆ ರೈಲು ಹಳಿ ದಾಟಬೇಕಾಯಿತು. ಊರ ಬಾವಿ ದೂರ, ಅಲ್ಲಿ ಸರದಿಯೂ ಉದ್ದ. ಹಳಿಗಳ ಆಚೆ ಎಂಜಿನ್ನಿಗೆ ನೀರು ತುಂಬಿಸುವ ಕಡೆ ಒಂದು ನಲ್ಲಿ ಇತ್ತು, ಅದೇ ಹತ್ತಿರ. ಆದರೆ ನಡುವೆ ಗೂಡ್ಸ್ ಗಾಡಿಗಳು ಕೋಟೆಯ ಗೋಡೆಯಂತೆ ನಿಂತಿರುತ್ತಿದ್ದವು. ಸುತ್ತಿ ಹೋದರೆ ನಲ್ಲಿಯ ಕಾವಲುಗಾರ ಓಡಿಸುತ್ತಿದ್ದ. ಎಲ್ಲರೂ ಡಬ್ಬಿಗಳ ಕೆಳಗೆ ನುಸುಳಿಯೇ ಹೋಗುತ್ತಿದ್ದರು.

ಕಲ್ಲುಗಣಿಯವನ ಹೆಂಡತಿ, ರಾವೂರಿನಾಕೆ, ನನಗೆ ಜೊತೆ. ಒಂದು ದಿನ ತುಂಬಿದ ಕೊಡವನ್ನು ಆಕೆ ಆಚೆಯಿಂದ ದೂಡಿದಳು. ನಾನು ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಡಬ್ಬಿಯ ಕೆಳಗೆ ಕುಕ್ಕರಗಾಲಲ್ಲಿ ಸರಿಯುತ್ತಿದ್ದೆ. ಅಷ್ಟರಲ್ಲಿ ದೂರದಲ್ಲೆಲ್ಲೋ ಎಂಜಿನ್ ಕೊಂಡಿ ತಗಲಿತು. ಆ ಸದ್ದು ಒಂದೊಂದೇ ಡಬ್ಬಿ ದಾಟಿ ನನ್ನ ತಲೆಯ ಮೇಲೆ ಬಂತು. ಗಾಲಿ ಗೇಣು ಸರಿದು ನಿಂತಿತು. ರಾವೂರಿನಾಕೆ ನನ್ನ ರಟ್ಟೆ ಹಿಡಿದು ಎಳೆದಳು. ಕೊಡ ಮಾತ್ರ ಗಾಲಿಗೆ ಸಿಕ್ಕಿ ಚಪ್ಪಟೆಯಾಯಿತು. ನಾನು ಹಳಿಯ ಪಕ್ಕದ ಕಂಕರಿನ ಮೇಲೆ ಕುಳಿತು ಹೊಟ್ಟೆಯ ಮೇಲೆ ಕೈಯಿಟ್ಟು ಕಾದೆ. ಕೂಸು ಮಿಸುಕಾಡಿತು. ಆಗ ಅಳು ಬಂತು.

ಅಂದು ಸಂಜೆ ನಮ್ಮವರಿಗೆ ಖಡಾಖಂಡಿತ ಹೇಳಿದೆ. "ಸಾವ್ಕಾರ್ರಿಗಿ ಒಂದು ಕಾಗದ ಬರೀರಿ. ಇಲ್ಲಂದ್ರ ನಾ ಇನ್ನ ಹಳಿ ದಾಟಂಗಿಲ್ಲ, ನೀವೇ ದಾಟ್ರಿ."

ನಮ್ಮವರು ಎದ್ದು ಬಾಗಿಲು ಹಾಕಿದರು. ಅವರು ಕಲಿತದ್ದೆಲ್ಲ ಉರ್ದುವಿನಲ್ಲಿ. ನಿಜಾಮರ ಕಾಲದ ಶಾಲೆಯಲ್ಲಿ ಕನ್ನಡವೆಲ್ಲಿತ್ತು? ಉರ್ದುವಿನಲ್ಲಿ ಅರ್ಜಿ ಬರೆಯಲು ಕೂತರೆ ಓದಿದವರು ಕಣ್ಣೀರು ಹಾಕಬೇಕು, ಅಂಥ ಕೈ. ಆದರೆ ಆ ಕೈ ಎಲ್ಲರಿಗೂ ಗೊತ್ತಿತ್ತು. ಶೆಡ್ಡಿಗೆ ಬರುವ ಪ್ರತಿಯೊಂದು ಮಾಲಿನ ಚೀಟಿಯ ಮೇಲೂ ಅದೇ ಅಕ್ಷರ.

"ನನ್ನ ಅಕ್ಷರ ಸಾವ್ಕಾರ ನೋಡ್ಯಾನ. ಅಂವ ನಮ್ಮ ದೊಡ್ಡ ಸಾಹೇಬ್ರಿಗಿ ಹೇಳಿದ್ರ ನೌಕರಿ ಹೋಗ್ತದ. ಈಗ ಭಾಳ ಖರಾಬ್ ಟೈಮ್ ಅದ. ಯಾರ ಮ್ಯಾಲ ಯಾರು ಏನ್ ಹೇಳ್ತಾರ, ಯಾರಿಗಿ ಎಲ್ಲಿ ಒಯ್ತಾರ ಗೊತ್ತಾಗಂಗಿಲ್ಲ."

ಅದು ಬರಿಯ ನೆಪವಲ್ಲ. ಹಿಂದಿನ ವರ್ಷವೇ ಅವರ ಶೆಡ್ಡಿನ ಒಬ್ಬರನ್ನು ಯಾರೋ ಬರೆದ ಒಂದು ಸುಳ್ಳು ಅರ್ಜಿಯ ಮೇಲೆ ಜೀಪಿನಲ್ಲಿ ಕೂರಿಸಿಕೊಂಡು ಹೋಗಿದ್ದರು. ಅವರು ಮರಳಿ ಬಂದಾಗ ಮಾತು ಕಡಿಮೆಯಾಗಿತ್ತು. ಚಹಾದವನು ಚಿತ್ತಾಪುರದ ತಹಶೀಲ್ದಾರರಿಗೇ ದೂರು ಕೊಡೋಣವೆಂದು ಒಮ್ಮೆ ಅಂದು, ತಾನೇ ಅಂಜಿ ಆ ಮಾತನ್ನು ಮತ್ತೆ ಎತ್ತಲಿಲ್ಲ. ಅರ್ಜಿ ಎಂಬ ಶಬ್ದ ಕೇಳಿದರೇ ಜನ ಬಾಗಿಲು ಹಾಕಿಕೊಳ್ಳುವ ಕಾಲ.

ಕೊನೆಗೆ ನಮ್ಮವರೇ ಅಂದರು, "ನೀನೇ ಬರಿ. ನಿನ್ನ ಅಕ್ಷರ ಯಾರಿಗೂ ಗೊತ್ತಿಲ್ಲ."

ನನಗೆ ಕನ್ನಡ ಬರುತ್ತಿತ್ತು. ಸೇಡಂನಲ್ಲಿ ನಮ್ಮಪ್ಪ ಮನೆಯ ಪಡಸಾಲೆಯಲ್ಲಿ ಖಾಸಗಿ ಶಾಲೆ ನಡೆಸುತ್ತಿದ್ದರು, ಗಂಡುಮಕ್ಕಳ ಹಿಂದೆ ಕಂಬಕ್ಕೆ ಒರಗಿ ಕುಳಿತು ನಾನೂ ಕಲಿತಿದ್ದೆ. ಆದರೆ ಮನೆಯೊಡೆಯನ ಮೇಲೆ ಮನೆಯೊಡೆಯನಿಗೇ ದೂರು ಬರೆಯುವುದನ್ನು ಯಾವ ಅಪ್ಪ ಕಲಿಸುತ್ತಾನೆ? ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು, ನೆಲದ ಹಾಸುಗಲ್ಲಿನ ಮೇಲೆ ಬಳಪದಿಂದ ಬರೆದು ನೋಡಿದೆ. ಮೊದಲು ಬರೆದದ್ದು ಹೀಗಿತ್ತು: "ನೀರು ಮುಚ್ಚಿದವರಿಗೆ ಒಳ್ಳೆಯದಾಗುವುದಿಲ್ಲ." ಬರೆದ ಕೂಡಲೆ ಸೆರಗಿನಿಂದ ಒರೆಸಿದೆ. ಆಮೇಲೆ ಗೋದಾಮಿನ ವಿಷಯ ನಮಗೆ ಗೊತ್ತಿದೆಯೆಂದು ಬರೆದೆ. ಅಷ್ಟರಲ್ಲಿ ಬಾಗಿಲು ತೆರೆದು ದೊಡ್ಡಕ್ಕ ಒಳಗೆ ಬಂದಳು. ನಾನು ಧಡಕ್ಕನೆ ಅಕ್ಷರಗಳ ಮೇಲೆಯೇ ಕುಳಿತುಬಿಟ್ಟೆ.

"ಯಾಕವ್ವ, ಬರೀ ನೆಲದ ಮ್ಯಾಲ ಕುಂತೀ? ನಡಾ ಹಿಡೀತದ."

"ತಂಪ ಅನಸ್ತದ್ರಿ."

ದೊಡ್ಡಕ್ಕನಿಗೆ ಓದಲು ಬರುತ್ತಿರಲಿಲ್ಲ. ಅದು ನೆನಪಿದ್ದರೂ ನಾನು ಏಳಲಿಲ್ಲ. ಆಕೆ ಬಹಳ ಹೊತ್ತು ಕುಳಿತು, ಹುಣಸೆಹಣ್ಣಿನ ಸುದ್ದಿ ಹೇಳಿ ಹೋದಳು. ಎದ್ದು ನೋಡಿದರೆ ಗೋದಾಮೆಲ್ಲ ನನ್ನ ಸೀರೆಗೆ ಹತ್ತಿತ್ತು.

ಕಾಗದಕ್ಕೂ ಬಡತನ. ನಮ್ಮವರು ಶೆಡ್ಡಿನಿಂದ ಒಂದು ರದ್ದಾದ ಫಾರಂ ತಂದುಕೊಟ್ಟರು. ಹಿಂಬದಿ ಬಿಳಿ, ಮುಂಬದಿಯೂ ಬಹುತೇಕ ಬಿಳಿ. ಮೇಲಿನ ಬಲಮೂಲೆಯಲ್ಲಿ ಮಾತ್ರ ಉರ್ದು ಅಚ್ಚು, ಅದರ ಮೇಲೆ ಒಂದು ದುಂಡು ಠಸ್ಸೆ, ಆಫೀಸಿನ ಮುದ್ರೆ.

"ಈ ಮೂಲಿ ಸಾವ್ಕಾರನ ಕಣ್ಣಿಗಿ ಬಿದ್ರ ನಾ ಸಿಕ್ಕಂಗೇ" ಎಂದರು ನಮ್ಮವರು.

ಅದಕ್ಕೇನು ದೊಡ್ಡ ಕೆಲಸ? ಮೂಲೆಯನ್ನು ಮಡಿಚಿ, ಉಗುರಿನಿಂದ ತೀಡಿ, ನೀಟಾಗಿ ಹರಿದೆ. ಹರಿದ ತುಂಡನ್ನು ಒಲೆಯ ಕಡೆಗೆ ಎಸೆದೆ. ಉಳಿದದ್ದರ ಮೇಲೆ ಬರೆದೆ: "ತೀರ್ಥರೂಪ ಸಮಾನರಾದ ಸಾವ್ಕಾರರ ಸನ್ನಿಧಿಗೆ ತಮ್ಮ ವಾಡಿ ಮನೆಯ ಬಿಡಾರದವರ ಶರಣಾರ್ಥಿಗಳು. ತಮ್ಮ ಅಪ್ಪಣೆಯಂತೆ ಹಿತ್ತಲ ಬಾಗಿಲಿಗೆ ಕೀಲಿ ಹಾಕಲಾಗಿದೆ. ಬಾವಿಯಲ್ಲಿ ದೇವರ ದಯದಿಂದ ನೀರಿದೆ. ಹೆಂಗಸರು ರೈಲಿನ ಹಳಿ ದಾಟಿ ನೀರು ತರುವುದರಿಂದ ಜೀವಕ್ಕೆ ಅಪಾಯವಿದೆ. ದೊಡ್ಡ ಮನಸ್ಸು ಮಾಡಿ ಬಾಗಿಲು ತೆರೆಸಬೇಕಾಗಿ ಬೇಡಿಕೊಳ್ಳುತ್ತೇವೆ." ಸಿಟ್ಟೆಲ್ಲ ನೆಲದ ಮೇಲೆ ಉಳಿದು, ಕಾಗದಕ್ಕೆ ಬರೀ ಕೈಮುಗಿಯುವುದು ಬಂದಿತ್ತು. ಕೆಳಗೆ ಹೆಸರು ಹಾಕಲು ಮೂರು ಮನೆಯವರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ನಾನೂ ಹಾಕಲಿಲ್ಲ.

ಟಪಾಲಿಗೆ ಹಾಕಲು ನಮ್ಮವರು ಒಪ್ಪಲಿಲ್ಲ. ಟಪಾಲು ಒಡೆದು ಓದುತ್ತಾರೆಂಬ ಗಾಳಿಸುದ್ದಿ ಇತ್ತು. ಬೆಳಗಿನ ಗಾಡಿಯಲ್ಲಿ ಹೋಗುವ ಪರಿಚಯದ ಗಾರ್ಡ್ ಒಬ್ಬರು ಅದನ್ನು ಸೇಡಂ ಸ್ಟೇಷನ್ನಿನಲ್ಲಿ ಚಿಂಚೋಳಿ ಮೋಟಾರಿನ ಕಂಡಕ್ಟರನಿಗೆ ಕೊಡುವುದು, ಆತ ಸಾವ್ಕಾರರ ಅಂಗಡಿಯಲ್ಲಿ ಹಾಕಿ ಮುಂದೆ ಹೋಗುವುದು, ಹೀಗೆ ಏರ್ಪಾಡಾಯಿತು. ಗಾಡಿ ಕೂಗಿಕೊಂಡು ಹೋಯಿತು. ನನಗೆ ಸ್ವಲ್ಪ ಹಗುರವೆನಿಸಿತು.

ಮಧ್ಯಾಹ್ನ ಒಲೆಯ ಬೂದಿ ತೆಗೆಯುವಾಗ ಆ ತುಂಡು ಕೈಗೆ ಸಿಕ್ಕಿತು. ಸುಡದೆ ಉಳಿದಿತ್ತು. ಮೂರು ಮೂಲೆಯ ಸಣ್ಣ ಚೂರು. ಅದನ್ನು ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದಾಗ ನಮ್ಮಪ್ಪ ನೆನಪಾದರು. ಸೇಡಂನ ನಮ್ಮ ಮನೆಯ ಹೊಸ್ತಿಲ ಹೊರಗೆ ನಿಂತು ಅವರು ಒಂದು ಕಾಗದ ಹಿಡಿದಿದ್ದರು. ಅದನ್ನು ಓದುವ ಮೊದಲೇ ನಮ್ಮವ್ವ ಒಳಗಿನಿಂದ ಬೋರಾಡಿ ಅತ್ತಿದ್ದಳು. ಯಾಕೆಂದರೆ ಆ ಕಾಗದದ ಮೂಲೆ ಹರಿದಿತ್ತು.

ನಮ್ಮ ಕಡೆ ಮದುವೆಯ ಕಾಗದದ ಮೂಲೆಗೆ ಅರಿಶಿನ ಹಚ್ಚುತ್ತಾರೆ. ಸಾವಿನ ಕಾಗದದ ಮೂಲೆ ಹರಿಯುತ್ತಾರೆ. ಓದಲು ಬಾರದವರಿಗೂ ಕೈಗೆ ಬಂದ ಕೂಡಲೆ ಗೊತ್ತಾಗಲೆಂದು. ಅಂಥ ಕಾಗದವನ್ನು ಒಳಗೆ ಒಯ್ಯುವುದಿಲ್ಲ, ಇಟ್ಟುಕೊಳ್ಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಓದುವುದೂ ಇಲ್ಲ, ಯಾವ ಊರಿನಿಂದ ಬಂತೆಂದು ಕೇಳಿ ಅಲ್ಲೇ ಚೂರು ಮಾಡಿ ಎಸೆದು ಹೊರಡುತ್ತಾರೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದದ್ದು. ಮೂಲೆ ಹರಿಯುವಾಗ ನನ್ನ ಕಣ್ಣ ಮುಂದೆ ಠಸ್ಸೆ ಮಾತ್ರ ಇತ್ತು, ಅಷ್ಟು ಹೆದರಿದ್ದೆ.

ವಾಡಿಯಲ್ಲಿ ಸಾವ್ಕಾರರಿಗೆ ಇದ್ದ ನಂಟು ಒಂದೇ. ಮುಂದಿನ ಕೋಣೆಯಲ್ಲಿ ದೊಡ್ಡಕ್ಕ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಬದುಕಿರುವ ಹೆಂಗಸಿನ ಸಾವನ್ನು ನಾನು ಬರೆದು ಕಳಿಸಿದ್ದೆ.

ನಮ್ಮವರು ಶೆಡ್ಡಿನಿಂದ ಬಂದ ಕೂಡಲೆ ಹೇಳಿದೆ. ಅವರು ಟೋಪಿ ತೆಗೆಯುವುದನ್ನೂ ಮರೆತು ಕುಳಿತರು.

"ತಾರು ಕೊಡ್ರಿ" ಎಂದೆ. "ದೊಡ್ಡಕ್ಕ ಆರಾಮ ಅದಾಳಂತ ಒಂದು ತಾರು ಕೊಡ್ರಿ."

"ತಾರು ಕೊಟ್ಟವ್ರ ಹೆಸರು ಬರೀಬೇಕಾಗ್ತದ. ನಿಮಗ ಹ್ಯಾಂಗ ಗೊತ್ತು ಅಂತ ಕೇಳ್ತಾರ."

ಹೆಸರು ಹೊರಗೆ ಬರಬಾರದೆಂದೇ ಇಷ್ಟೆಲ್ಲ ಮಾಡಿದ್ದು. ಅದೇ ಹೆಸರು ಈಗ ನಮ್ಮ ಬಾಯಿ ಕಟ್ಟಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕುಳಿತೆವು. ಅಂಥ ಹೇಡಿತನ ಗಂಡಹೆಂಡಿರಿಗೆ ಒಟ್ಟಿಗೇ ಬರಬಾರದು.

ಸಂಜೆ ದೊಡ್ಡಕ್ಕ ನನ್ನನ್ನು ಕರೆದಳು. ಬಸುರಿಗೆಂದು ಒಂದು ಹೋಳಿಗೆ ಎತ್ತಿಟ್ಟಿದ್ದಳು. ಬಾಗಿಲಿಗೆ ಕೀಲಿ ಹಾಕಿದವಳೂ ಅವಳೇ, ಹೋಳಿಗೆ ಎತ್ತಿಟ್ಟವಳೂ ಅವಳೇ. ತಮ್ಮ ಹೇಳಿದ್ದನ್ನು ಮಾಡುವುದು ಬೇರೆ, ತನ್ನ ಮನಸ್ಸಿಗೆ ತೋರಿದ್ದು ಮಾಡುವುದು ಬೇರೆ, ಎರಡಕ್ಕೂ ಜಗಳವಿದೆಯೆಂದು ಆಕೆಗೆ ಎಂದೂ ಅನಿಸಿರಲಿಲ್ಲ. ನಾನು ತಿನ್ನುತ್ತ ಕುಳಿತಿದ್ದಾಗ ಆಕೆಗೆ ಬಿಕ್ಕಳಿಕೆ ಹತ್ತಿತು. ನಿಲ್ಲಲೇ ಇಲ್ಲ.

"ಯಾರೋ ನೆನಸಾಕತ್ತಾರ" ಎಂದು ನಕ್ಕಳು. "ನನಗ ನೆನಸೋರು ಯಾರದಾರ? ಆ ತಮ್ಮ ಒಬ್ಬಂವ. ಅಂವನಿಗಿ ಪುರಸೊತ್ತೆಲ್ಲಿ? ಹ್ವಾದ ಮಳಿಗಾಲದಾಗ ಜ್ವರ ಬಂದು ಬಿದ್ದಾಗ ಹೇಳಿ ಕಳಸಿದ್ದೆ, ಬರ್ಲಿಕ್ಕ ಆಗ್ಲಿಲ್ಲ ಪಾಪ."

ಚಿಂಚೋಳಿಯಲ್ಲಿ ಈ ಹೊತ್ತಿಗೆ ಯಾರು ನೆನೆಸುತ್ತಿದ್ದಾರೆ, ಹೇಗೆ ನೆನೆಸುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಹೋಳಿಗೆ ಅಲ್ಲೇ ಬಿಟ್ಟೆ. ಓಡಿಹೋಗಿ ನಮ್ಮ ಕೊಡದ ನೀರು ತಂದು ಕುಡಿಸಿದೆ. ಆಕೆ ತಲೆಯೆತ್ತಿ ಗುಟುಕರಿಸುವಾಗ, ಈಗಲೇ ಏನಾದರೂ ಆಗಿಬಿಟ್ಟರೆ ಅದು ನನ್ನ ಅಕ್ಷರದಿಂದಲೇ ಆದದ್ದು ಎಂಬ ಭಯ ಹಿಡಿದು ಆಕೆಯ ಬೆನ್ನು ಬಿಡದೆ ತೀಡುತ್ತ ಕುಳಿತೆ. ಬಿಕ್ಕಳಿಕೆ ನಿಂತಿತು. ನನ್ನ ಕೈ ನಿಲ್ಲಲಿಲ್ಲ.

ಮರುದಿನ ಬೆಳಗಿನ ಗಾಡಿಗೆ ಸಾವ್ಕಾರರು ಬಂದರು. ಓಣಿಯ ಬಾಯಿಯಿಂದಲೇ "ಅಕ್ಕಾ, ನನ್ನ ಅಕ್ಕಾ" ಎಂಬ ಕೂಗು ಕೇಳಿತು. ಅವರ ಹಿಂದೆ ಕೈಯಲ್ಲಿ ವಿಭೂತಿ, ಬಿಲ್ವಪತ್ರಿ ಹಿಡಿದ ಒಬ್ಬ ಅಯ್ಯನವರು, ಇಬ್ಬರು ನಂಟರು. ಸಾವ್ಕಾರರ ಕಂಕುಳಲ್ಲಿ ಮಡಿಕೆ ಬಿಚ್ಚದ ಬಿಳಿ ಬಟ್ಟೆ. ಸತ್ತ ಹೆಣ್ಣಿಗೆ ಕೊನೆಯ ಬಟ್ಟೆ ತವರಿನಿಂದಲೇ ಬರಬೇಕು, ಅದು ಬರುವತನಕ ಮಣ್ಣು ಮಾಡುವುದಿಲ್ಲ. ಅದಕ್ಕೇ ಅವರು ಹಾಗೆ ಓಡಿಬಂದಿದ್ದರು.

ದೊಡ್ಡಕ್ಕ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸಾವ್ಕಾರರು ಅಂಗಳದಲ್ಲಿ ನಿಂತರು. ಅತ್ತ ಬಾಯಿ ತೆರೆದೇ ಇತ್ತು.

"ಯಾರು ಸತ್ತಾರೋ ತಮ್ಮಾ?" ಎಂದಳು ದೊಡ್ಡಕ್ಕ, ಮೊರ ಕೆಳಗಿಟ್ಟು. "ಅಯ್ಯೋರ್ನ ಕರಕೊಂಡು ಬಂದೀ."

"ಅಕ್ಕಾ... ನೀ ಇದ್ದೀ?"

"ಇರದ ಎಲ್ಲಿ ಹೋಗ್ಲಿ?"

"ಕಾಗದ ಬಂತು. ವಾಡಿಯಿಂದ ಅಂದ್ರು. ಮೂಲಿ ಹರದಿತ್ತು. ನಾ ಓದಸ್ಲಿಲ್ಲ, ಹರದು ಒಗದು ಹಂಗೇ ಬಂದೆ."

ಹಿಂದಿನ ಕೋಣೆಗಳ ಬಾಗಿಲಲ್ಲಿ ನಾವೆಲ್ಲ ನಿಂತಿದ್ದೆವು. ನಮ್ಮವರು ಶೆಡ್ಡಿಗೆ ಹೋಗಿಯಾಗಿತ್ತು. ರಾವೂರಿನಾಕೆ ನನ್ನ ಕಡೆ ನೋಡಿದಳು, ನಾನು ನೆಲ ನೋಡಿದೆ. ದೊಡ್ಡಕ್ಕ ತಮ್ಮನನ್ನೂ ಅವನ ಕಂಕುಳಲ್ಲಿದ್ದ ಬಟ್ಟೆಯನ್ನೂ ಬಹಳ ಹೊತ್ತು ನೋಡಿದಳು. ಆಕೆಯ ಮುಖದಲ್ಲಿ ಮೊದಲು ನಗು ಬಂತು, ಆಮೇಲೆ ಅದು ಹೋಯಿತು.

"ಜ್ವರ ಬಂದಾಗ ಕರದ್ರ ಬರ್ಲಿಲ್ಲ. ಸತ್ತೆ ಅಂದ್ರ ಒಂದು ದಿನದಾಗ ಬಂದಿ."

ಅಯ್ಯನವರು ನಡುವೆ ಬಂದು, ಸುಳ್ಳು ಸುದ್ದಿಯಾದರೂ ಸಾವಿನ ಸುದ್ದಿಯೇ, ಬಂದವರೆಲ್ಲ ಜಳಕ ಮಾಡಿಯೇ ಒಳಗೆ ಕಾಲಿಡಬೇಕು ಎಂದರು. ನಮ್ಮಲ್ಲಿ ಸೂತಕವಿಲ್ಲ ಎಂದು ಬಾಯಿತುಂಬ ಹೇಳುವವರೂ ಈ ವಿಷಯದಲ್ಲಿ ತಲೆಯ ಮೇಲೆ ನೀರು ಹಾಕಿಕೊಂಡೇ ಮಾತಾಡುತ್ತಾರೆ. ಬಿಸಿಲು ಆಗಲೇ ಏರಿತ್ತು, ನಾಲ್ವರ ತುಟಿಯೂ ಒಣಗಿತ್ತು.

"ಅಕ್ಕಾ, ಹಿತ್ತಲ ಬಾಗಿಲಾ ತಗಿ."

"ನಾ ಹ್ಯಾಂಗ ತಗೀಲಿ? ತಗೀಬ್ಯಾಡ ಅಂದಂವ ನೀನೇ. ಬಾವ್ಯಾಗ ನೀರಿಲ್ಲ ಅಂದಿ."

"ಬಿಡಾರದವ್ರಿಗಿ ಅಂದಿದ್ದೆ ಅಕ್ಕಾ, ನಮಗಲ್ಲ."

"ಕಾಗದ ಬರದವ್ರು ಯಾರು?" ಎಂದು ದೊಡ್ಡಕ್ಕ ಕೇಳಿದಳು. ಅದನ್ನು ಅವಳು ತಮ್ಮನನ್ನು ಕೇಳಲಿಲ್ಲ, ನಮ್ಮ ಕಡೆ ತಿರುಗಿ ಕೇಳಿದಳು.

ಎಲ್ಲಿಯಾದರೂ ನುಸುಳಿ ಹೋಗೋಣವೆಂದರೆ ಹಿತ್ತಲ ಬಾಗಿಲಿಗೆ ಕೀಲಿ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನೌಕರಿ ಹೋಗುತ್ತದೆ, ಮನೆ ಹೋಗುತ್ತದೆ, ತುಂಬಿದ ಹೊಟ್ಟೆ ಹೊತ್ತು ನಾನೆಲ್ಲಿ ಹೋಗಲಿ ಎಂದೆಲ್ಲ ಒಂದೇ ಉಸಿರಿನಲ್ಲಿ ಹೊಳೆಯಿತು. ಆದರೆ ಸುಮ್ಮನಿದ್ದರೆ ಆ ಮುದುಕಿ ತನ್ನ ಸಾವನ್ನು ಯಾರೋ ಬಯಸಿದರೆಂದೇ ತಿಳಿಯುತ್ತಾಳೆ. ಅದನ್ನು ತಡೆಯಲಾಗಲಿಲ್ಲ.

"ನಾನ್ರಿ" ಎಂದೆ. "ಸಾವಿನ ಕಾಗದ ಅಲ್ರಿ ದೊಡ್ಡಕ್ಕ. ಆಫೀಸಿನ ಠಸ್ಸಿ ಇತ್ತಂತ ಮೂಲಿ ಹರದೆ. ಹೊಳೀಲಿಲ್ರಿ ನನಗ."

ಸಾವ್ಕಾರರ ಕಣ್ಣು ಕೆಂಪಾದವು. ಅವರು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಕ್ಕ ಕೈಯೆತ್ತಿದಳು. "ಅಂವ ಓದಿಲ್ಲ. ಏನ್ ಬರದಿದ್ದೀ, ಈಗ ಬಾಯಿಲೆ ಹೇಳು."

ಗಂಡಸರ ಮುಂದೆ ನಾನು ಹಾಗೆ ನಿಂತು ಮಾತಾಡಿದ್ದೇ ಇಲ್ಲ. ಸೆರಗು ಹಣೆಯವರೆಗೂ ಎಳೆದುಕೊಂಡೆ. ತೀರ್ಥರೂಪ ಸಮಾನ ಎಂದು ಶುರುಮಾಡಲು ಹೋದರೆ ಆ ಶಬ್ದಗಳೆಲ್ಲ ಎಲ್ಲಿ ಹೋದವೋ. ಬಂದದ್ದು ನೆಲದ ಮೇಲೆ ಬರೆದು ಒರೆಸಿದ್ದು.

"ಸಾವ್ಕಾರ್ರ, ನೀರು ಬಿಡ್ರಿ. ನಾ ಬಸುರಿ ಹೆಂಗಸು, ರೈಲು ಡಬ್ಬಿ ಕೆಳಗ ನುಸುಳಿ ನೀರು ತರಾಕತ್ತೀನಿ. ಮೊನ್ನಿ ಗಾಲಿ ಸರೀತು, ಕೊಡ ಹೋಯ್ತು, ನಾ ಉಳದೆ. ಬಾವ್ಯಾಗ ನೀರವ. ನಮಗ ಓಡಸಿ ಮನಿ ಗೋದಾಮಿಗಿ ಕೊಡಬೇಕಂತ ನೀವು ಕೀಲಿ ಹಾಕ್ಸೀರಿ. ಅದು ನಮಗೆಲ್ಲಾ ಗೊತ್ತದ."

"ಗೋದಾಮಾ?" ಎಂದಳು ದೊಡ್ಡಕ್ಕ. ತಮ್ಮನ ಕಡೆ ತಿರುಗಿದಳು. "ಮಾಡು ರಿಪೇರಿ ಅಂದಿದ್ದಿ. ಗೋದಾಮು ಆದ್ರ ನನ್ನ ಎಲ್ಲಿ ಇಡ್ತಿದ್ದಿ? ಮೂಟಿ ಮ್ಯಾಲ?"

ಸಾವ್ಕಾರರು ಅಯ್ಯನವರ ಮುಖ ನೋಡಿದರು. ದೊಡ್ಡಕ್ಕ ನಡುವಿನಿಂದ ಕೀಲಿಕೈ ತೆಗೆಯಲಿಲ್ಲ. ಬಿಸಿಲಿನಲ್ಲಿ ಅವರನ್ನು ಹಾಗೆಯೇ ನಿಲ್ಲಿಸಿದಳು. ಕೊನೆಗೆ ಸಾವ್ಕಾರರೇ, ನೆಲ ನೋಡುತ್ತ, "ತಗಿ ಅಕ್ಕಾ. ಎಲ್ಲಾರಿಗೂ ತಗಿ" ಎಂದರು.

"ಜೋರಲೆ ಹೇಳು. ಅವ್ರಿಗಿ ಕೇಳ್ಲಿ."

ಅವರು ಜೋರಾಗಿ ಹೇಳಿದರು. ಬಾಗಿಲು ತೆರೆಯಿತು. ಮೊದಲ ಕೊಡ ನನ್ನದಾಗಲಿ ಎಂದು ದೊಡ್ಡಕ್ಕ ಹಟ ಮಾಡಿದಳು. ನಾನು ಹೆದರಿಕೆಯಿಂದ ಅರ್ಧ ಕೊಡವನ್ನಷ್ಟೇ ಸೇದಿ ಒಳಗೆ ಓಡಿದೆ. ಸಂಜೆಯ ಗಾಡಿಗೆ ಸಾವ್ಕಾರರು ಹೊರಟಾಗ ಬಿಳಿ ಬಟ್ಟೆಯನ್ನು ಮರಳಿ ಕಂಕುಳಲ್ಲಿ ಇಟ್ಟುಕೊಂಡರು. ದೊಡ್ಡಕ್ಕ ಅದನ್ನು ಕಸಿದುಕೊಂಡಳು.

"ಇದು ಇಲ್ಲೇ ಇರ್ಲಿ. ಎರಡನೇ ಸಲ ತರ್ತೀ ಅಂತ ಏನ್ ಖಾತ್ರಿ?"

ಅದನ್ನು ತನ್ನ ತಗಡಿನ ಪೆಟ್ಟಿಗೆಯ ತಳದಲ್ಲಿಟ್ಟಳು. ಗೋದಾಮಿನ ಮಾತು ಮತ್ತೆ ಏಳಲಿಲ್ಲ. ಕೀಲಿಯೂ ಮತ್ತೆ ಬೀಳಲಿಲ್ಲ, ಆದರೆ ಕೀಲಿಕೈಯನ್ನು ಆಕೆ ನಡುವಿನಿಂದ ಬಿಚ್ಚಲಿಲ್ಲ. "ಬಿಚ್ಚಿಟ್ರ ನಾಳಿ ಅಂವ ಬಂದು ಇಸಗೊಂಡು ಹೋಗ್ತಾನ" ಎನ್ನುತ್ತಿದ್ದಳು. ನನಗೆ ಹೆಣ್ಣು ಹುಟ್ಟಿತು. ಕೂಸಿಗೆ ದಿನಾ ಎರೆದವಳು ದೊಡ್ಡಕ್ಕನೇ, ಆ ಬಾವಿಯ ನೀರಿನಲ್ಲೇ. ಕೂಸಿನ ಕಾಲಿಗೆ ಆ ಕೀಲಿಕೈ ಒತ್ತಿ ಅದು ಅಳುತ್ತಿತ್ತು.

ನಾವು ಮೈಸೂರು ರಾಜ್ಯಕ್ಕೆ ಸೇರುವ ಹಿಂದಿನ ವರ್ಷ, ಮತ್ತೊಂದು ಬೇಸಿಗೆಯಲ್ಲಿ, ದೊಡ್ಡಕ್ಕ ನಿಜವಾಗಿಯೂ ತೀರಿಕೊಂಡಳು. ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಕಾಗದ ಬರೆಯುವ ಕೆಲಸ ಮತ್ತೆ ನನಗೇ ಬಂತು. ಈ ಸಲ ಠಸ್ಸೆಯಿಲ್ಲದ ಒಳ್ಳೆಯ ಕಾಗದ. ಎರಡೇ ಸಾಲು ಬರೆದೆ, ಕೆಳಗೆ ನನ್ನ ಹೆಸರು ಹಾಕಿದೆ. ಮೂಲೆ ಹರಿಯಲು ಹೋದರೆ ಬೆರಳು ಬಗ್ಗಲಿಲ್ಲ. ಕಣ್ಣು ಮುಚ್ಚಿ ಹರಿದೆ. ಅದೇ ಗಾಡಿ, ಅದೇ ಮೋಟಾರು. ಮರುದಿನ ಬೆಳಗಿನ ಗಾಡಿಗೆ ಸಾವ್ಕಾರರು ಬರಲಿಲ್ಲ. ಮಧ್ಯಾಹ್ನದ ಗಾಡಿಗೂ ಬರಲಿಲ್ಲ. ಬಿಸಿಲಿನಲ್ಲಿ ಇನ್ನು ಇಡಲು ಆಗುವುದಿಲ್ಲವೆಂದು ವಾಡಿಯ ಅಯ್ಯನವರು ಹೇಳಿದರು. ಬಾವಿಯ ನೀರಿನಿಂದ ನಾವು ಹೆಂಗಸರೇ ಆಕೆಗೆ ಕೊನೆಯ ಜಳಕ ಮಾಡಿಸಿದೆವು. ಪೆಟ್ಟಿಗೆಯ ತಳದಿಂದ ತವರಿನ ಬಟ್ಟೆ ತೆಗೆದು ಹೊದಿಸಿದೆವು. ಅದು ಮಡಿಕೆಯಲ್ಲಿ ಹಳದಿಯಾಗಿತ್ತು.

ವಾರ ಕಳೆದ ಮೇಲೆ ಸಾವ್ಕಾರರು ಬಂದರು, ಯಾರೋ ಸೇಡಂನ ಸಂತೆಯಲ್ಲಿ ಸುದ್ದಿ ಹೇಳಿದರಂತೆ. ಕೈಯಲ್ಲಿ ಏನೂ ಇರಲಿಲ್ಲ. ಈ ಸಲ ಕೂಗಲೂ ಇಲ್ಲ.

"ಕಾಗದ ಬಂದಿತ್ತವ್ವ" ಎಂದರು ನನಗೆ. "ಮೂಲಿ ಹರದದ್ದು ನೋಡಿ ಮತ್ತ ನಿಮ್ಮ ನೀರಿನ ತಕರಾರು ಅಂದ್ಕೊಂಡೆ. ಜಂತಿ ಸಂದ್ಯಾಗ ಇಟ್ಟುಬಿಟ್ಟೆ."

ನನಗೆ ಸಿಟ್ಟೂ ಬಂತು, ಮರುಕವೂ ಬಂತು. ಬಾವಿಯಿಂದ ಒಂದು ಕೊಡ ಸೇದಿ ಅವರ ಜಳಕಕ್ಕೆ ಇಟ್ಟೆ. ತಲೆಯ ಮೇಲೆ ನೀರು ಹಾಕಿಕೊಂಡು ಬಂದವರು ದೊಡ್ಡಕ್ಕನ ಕೋಣೆ ಹೊಕ್ಕು ಗೂಡು, ಗೂಟ, ಪೆಟ್ಟಿಗೆ ಎಲ್ಲ ನೋಡಿದರು. ಹಿತ್ತಲ ಬಾಗಿಲಲ್ಲಿ ತೂಗುತ್ತಿದ್ದ ಹಿತ್ತಾಳೆ ಕೀಲಿಯ ಮೇಲೆ ಅವರ ಕಣ್ಣು ಹೋಯಿತು. ಹಳೆಯ ಹೆದರಿಕೆ ನನ್ನ ಎದೆಯಲ್ಲಿ ಎದ್ದು ಕುಳಿತಿತು. ಮಗಳು ನನ್ನ ಸೀರೆ ಹಿಡಿದು ನಿಂತಿದ್ದಳು, ನಾನು ಅವಳ ಕೈ ಬಿಗಿಹಿಡಿದೆ.

"ಇದರ ಕೀಲಿಕೈ ಎಲ್ಲದವ್ವ?"

"ದೊಡ್ಡಕ್ಕನ ನಡದಾಗ ಇತ್ರಿ" ಎಂದೆ. "ಜಳಕ ಮಾಡ್ಸೋವಾಗ ಎಲ್ಲಾರೂ ನೋಡಿದ್ವಿ. ಯಾರೂ ಬಿಚ್ಚಲಿಲ್ರಿ."

ಪೇಟೆಯಲ್ಲಿ ಹೊಸ ಕೀಲಿ ಸಿಗುತ್ತಿತ್ತು, ಪೇಟೆ ದೂರವೂ ಇರಲಿಲ್ಲ. ಅವರು ತರಲಿಲ್ಲ.